ಚದರಕ್ಕೆ ಎಷ್ಟು?

ಮೈಸೂರಿನ ರಿಂಗ್ ರಸ್ತೆಯಾಚೆಯ ಬಡಾವಣೆಯಿರಲಿ, ತುಮಕೂರಿನ ಅಂಚಿನಲ್ಲಿ ಈಗಷ್ಟೇ ಕಲ್ಲು ನೆಟ್ಟ ಲೇಔಟ್ ಇರಲಿ, ಮನೆ ಕಟ್ಟಿಸಲು ಹೊರಟವರು ಕಾಂಟ್ರಾಕ್ಟರ್ ಮುಂದಿಡುವ ಮೊದಲ ಪ್ರಶ್ನೆ ಒಂದೇ: ‘ಚದರಕ್ಕೆ ಎಷ್ಟು ತಗೋತೀರಿ?’ ಒಂದು ಚದರವೆಂದರೆ ನೂರು ಚದರಡಿ. ಉತ್ತರಕ್ಕೂ ಹೆಚ್ಚು ಕಾಯಬೇಕಿಲ್ಲ. ನಕ್ಷೆ ಬಿಡಿಸಿ ನೋಡುವ ಮೊದಲೇ, ಸೈಟಿನ ಮಣ್ಣಿಗೆ ಒಂದು ಗುದ್ದಲಿ ಬೀಳುವ ಮೊದಲೇ, ನಿಂತ ನಿಲುವಿನಲ್ಲಿ ಒಂದು ಅಂಕಿ ಹೊರಬೀಳುತ್ತದೆ. ಅದನ್ನು ಒಟ್ಟು ಚದರಕ್ಕೆ ಗುಣಿಸಿ ಬ್ಯಾಂಕಿಗೆ ಅರ್ಜಿ ಹೋಗುತ್ತದೆ, ಊರಿನ ಜಮೀನು ಮಾರುವ ಮಾತು ಶುರುವಾಗುತ್ತದೆ. ಇಪ್ಪತ್ತು ವರ್ಷ ಕಟ್ಟಬೇಕಾದ ಕಂತು ಆ ಒಂದು ಅಂಕಿಯ ಮೇಲೆ ನಿಲ್ಲುತ್ತದೆ.

ಆ ಅಂಕಿ ಸುಳ್ಳೇನಲ್ಲ. ಕಾಂಟ್ರಾಕ್ಟರ್ ಹಿಂದೆ ಕಟ್ಟಿದ ಮನೆಗಳ ಅನುಭವ ಅದರಲ್ಲಿರುತ್ತದೆ. ತೊಂದರೆ ಏನೆಂದರೆ, ಅವನ ಮನಸ್ಸಿನಲ್ಲಿರುವುದು ಹಿಂದಿನ ಮನೆ, ನಿಮ್ಮ ಮನಸ್ಸಿನಲ್ಲಿರುವುದು ಮುಂದಿನ ಮನೆ. ಎರಡರ ನಡುವಿನ ಅಂತರ ಕಾಗದದ ಮೇಲೆ ಎಲ್ಲೂ ಇರುವುದಿಲ್ಲ. ಮನೆಯ ಮೊದಲ ಕೆಲಸ ಪಾಯ ಅಲ್ಲ, ಎಸ್ಟಿಮೇಟ್ ಎಂದು ನಾನು ನಂಬುವುದು ಇದೇ ಕಾರಣಕ್ಕೆ. ಪಾಯದಲ್ಲಿ ತಪ್ಪಾದರೆ ಗೋಡೆ ಬಿರಿದು ಹೇಳುತ್ತದೆ. ಎಸ್ಟಿಮೇಟಿನ ತಪ್ಪು ಕಾಣಿಸಿಕೊಳ್ಳುವ ಹೊತ್ತಿಗೆ ಅರ್ಧ ಮನೆ ಎದ್ದಿರುತ್ತದೆ. ಹಿಂದೆ ಹೋಗಲು ದಾರಿಯಿಲ್ಲ, ಮುಂದೆ ಹೋಗಲು ಹಣವಿಲ್ಲ.

ಚದರದ ದರ ಯಾವುದನ್ನು ಅಳೆಯುತ್ತದೆ ಎಂಬುದೇ ಮೊದಲ ಗೋಜಲು. ಬಾಲ್ಕನಿಯನ್ನು ಪೂರ್ತಿ ಎಣಿಸಬೇಕೇ, ಅರ್ಧವೇ? ಪೋರ್ಟಿಕೊ? ಮೆಟ್ಟಿಲ ಮೇಲಿನ ಹೆಡ್‌ರೂಮ್? ಅನೇಕರು ಮೋಲ್ಡ್ ಎಷ್ಟು ಬಿದ್ದಿದೆಯೋ ಅಷ್ಟನ್ನೂ ಅಳೆಯುತ್ತಾರೆ, ಸಜ್ಜಾ ಕೂಡ ಬಿಡುವುದಿಲ್ಲ. ಇನ್ನು ಸಂಪು, ಕಾಂಪೌಂಡ್, ಗೇಟು, ಓವರ್‌ಹೆಡ್ ಟ್ಯಾಂಕು, ಬೋರ್‌ವೆಲ್, ವಿದ್ಯುತ್ ಮತ್ತು ನೀರಿನ ಸಂಪರ್ಕದ ಠೇವಣಿ, ಮನೆಯ ಮುಂದಿನ ಇಳಿಜಾರಿನ ಕಾಂಕ್ರೀಟು, ಇವೆಲ್ಲ ಚದರದ ಹೊರಗೆ. ಎಂಟಡಿ ಉದ್ದ, ಆರಡಿ ಅಗಲ, ಆರಡಿ ಆಳದ ಸಂಪು ಎಂದರೆ 288 ಘನ ಅಡಿ, ಸುಮಾರು 8,150 ಲೀಟರ್. ಅದಕ್ಕೆ ಲೀಟರಿನ ಲೆಕ್ಕದಲ್ಲಿ ಬೇರೆಯೇ ದರ. ಚದರದ ಮಾತು ಮುಗಿದು ಕೈ ಕುಲುಕಿದ ಮೇಲೆ ಆ ದರದ ಮಾತು ಬರುತ್ತದೆ.

ಒಂದು ಗೋಡೆಯನ್ನು ಹತ್ತಿರದಿಂದ ನೋಡೋಣ. ಹತ್ತಡಿ ಉದ್ದ, ಹತ್ತಡಿ ಎತ್ತರ, ಒಟ್ಟು ನೂರು ಚದರಡಿ. ಬೆಂಗಳೂರಿನ ಸುತ್ತಮುತ್ತ ಈಗ ಹೆಚ್ಚು ಬಳಸುವುದು ಸಾಲಿಡ್ ಕಾಂಕ್ರೀಟ್ ಬ್ಲಾಕು. ಅದರ ಮುಖ 16 ಇಂಚು ಉದ್ದ, 8 ಇಂಚು ಎತ್ತರ, ಎಂದರೆ 128 ಚದರ ಇಂಚು. ನೂರು ಚದರಡಿಯನ್ನು ಇದರಿಂದ ಭಾಗಿಸಿದರೆ 112 ಬ್ಲಾಕು, ಮೇಲೊಂದು ಅರ್ಧ. ಸಂದಿನ ಗಾರೆಯಿಂದ ಕೆಲವು ಕಡಿಮೆಯಾಗುತ್ತವೆ, ಲಾರಿಯಿಂದ ಇಳಿಸುವಾಗ ಒಡೆಯುವುದರಿಂದ ಕೆಲವು ಹೆಚ್ಚಾಗುತ್ತವೆ. 115 ತರಿಸಿದರೆ ಸಾಕು. ಇಲ್ಲಿಯವರೆಗೆ ಶಾಲೆಯ ಲೆಕ್ಕ, ಯಾರು ಮಾಡಿದರೂ ಒಂದೇ ಉತ್ತರ.

ಪ್ಲಾಸ್ಟರಿಂಗ್‌ಗೆ ಬಂದಾಗ ಕಥೆ ಬದಲಾಗುತ್ತದೆ. ಆ ಗೋಡೆಯ ಒಂದು ಮೈಗೆ 12 ಮಿ.ಮೀ. ದಪ್ಪ, ಒಂದಕ್ಕೆ ಆರರ ಮಿಶ್ರಣ ಎಂದುಕೊಂಡರೆ ಸುಮಾರು ಮುಕ್ಕಾಲು ಚೀಲ ಸಿಮೆಂಟ್ ಹಿಡಿಯುತ್ತದೆ. ಆದರೆ ಗೋಡೆ ಕಟ್ಟುವಾಗ ಮೇಸ್ತ್ರಿ ತೂಕದ ಗುಂಡು ಸರಿಯಾಗಿ ಬಿಡದೆ, ಗೋಡೆ ಅಲ್ಲಲ್ಲಿ ಹೊಟ್ಟೆ ಬಿಟ್ಟುಕೊಂಡಿದ್ದರೆ? ಮಟ್ಟಗೋಲು ಇಟ್ಟು ನೇರ ಮಾಡಲು ಗಾರೆಯ ದಪ್ಪ ಸರಾಸರಿ 20 ಮಿ.ಮೀ.ಗೆ ಏರುತ್ತದೆ. ಆಗ ಅದೇ ಮೈಗೆ ಒಂದೂಕಾಲು ಚೀಲ ಬೇಕು. ಸಾಧಾರಣ ಗಾತ್ರದ ಮನೆಯಲ್ಲಿ ಒಳಗೂ ಹೊರಗೂ ಸೇರಿ 6,000 ಚದರಡಿ ಪ್ಲಾಸ್ಟರಿಂಗ್ ಇದೆ ಎನ್ನಿ. 45 ಚೀಲದಲ್ಲಿ ಮುಗಿಯಬೇಕಾದದ್ದು 75 ಚೀಲ ತಿನ್ನುತ್ತದೆ. ಮೂವತ್ತು ಚೀಲ ಸಿಮೆಂಟ್, ಅದಕ್ಕೆ ತಕ್ಕ ಎಂ-ಸ್ಯಾಂಡ್, ಅದನ್ನು ಹೊತ್ತು ಕಲಸಿದ ಆಳಿನ ಕೂಲಿ ಎಲ್ಲವೂ ಗೋಡೆಯ ಡೊಂಕಿನಲ್ಲಿ ಹೂತುಹೋಯಿತು. ಗೋಡೆ ಕಟ್ಟುವಾಗ ಕೂಲಿಯಲ್ಲಿ ಉಳಿಸಿದ ಹಣ ಪ್ಲಾಸ್ಟರಿಂಗ್‌ನಲ್ಲಿ ಹೀಗೆ ಹೋಗುತ್ತದೆ. ಕೂಲಿ ಕಾಂಟ್ರಾಕ್ಟ್ ಕೊಟ್ಟು ಸಾಮಾನು ತಾವೇ ತರಿಸುವ ಮಾಲೀಕರು ಇದನ್ನು ಮುಖ್ಯವಾಗಿ ಗಮನಿಸಬೇಕು. ಅಲ್ಲಿ ಗೋಡೆ ಡೊಂಕಾದರೆ ಮೇಸ್ತ್ರಿಗೆ ನಷ್ಟವಿಲ್ಲ, ಸಿಮೆಂಟ್ ನಿಮ್ಮದು.

ಅಳತೆಯ ಜಗಳಗಳೂ ಇಲ್ಲೇ ಹುಟ್ಟುತ್ತವೆ. ಬಾಗಿಲು ಕಿಟಕಿಗಳ ಜಾಗವನ್ನು ಪ್ಲಾಸ್ಟರಿಂಗ್ ಅಳತೆಯಿಂದ ಕಳೆಯಬೇಕೋ ಬೇಡವೋ ಎಂದು ಮಾಲೀಕ ಮತ್ತು ಮೇಸ್ತ್ರಿ ಟೇಪು ಹಿಡಿದು ವಾದಿಸುವುದನ್ನು ಎಷ್ಟೋ ಸೈಟುಗಳಲ್ಲಿ ಕಾಣಬಹುದು. ಇದಕ್ಕೆ ಉತ್ತರ ಎಂದೋ ಬರೆದಿಟ್ಟಿದ್ದಾರೆ. ಕಟ್ಟಡ ಕೆಲಸಗಳನ್ನು ಅಳೆಯುವ ಭಾರತೀಯ ಮಾನಕ ಐಎಸ್ 1200 ಪ್ರಕಾರ, ಅರ್ಧ ಚದರ ಮೀಟರಿಗಿಂತ ಚಿಕ್ಕ ತೆರಪುಗಳನ್ನು ಕಳೆಯುವಂತಿಲ್ಲ. ಅದಕ್ಕಿಂತ ದೊಡ್ಡದಾಗಿ ಮೂರು ಚದರ ಮೀಟರಿನ ಒಳಗಿದ್ದರೆ ಗೋಡೆಯ ಒಂದು ಮೈಯಲ್ಲಿ ಮಾತ್ರ ಕಳೆಯಬೇಕು. ಕಿಟಕಿಯ ಪಕ್ಕಗಳಿಗೆ ಬಳಿಯುವ ಕೆಲಸ ಇನ್ನೊಂದು ಮೈಯ ಲೆಕ್ಕಕ್ಕೆ ಸರಿಹೋಗುತ್ತದೆ ಎಂಬುದು ಅದರ ಹಿಂದಿನ ನ್ಯಾಯ. ಕರಾರಿನಲ್ಲಿ ‘ಅಳತೆ ಐಎಸ್ 1200 ಪ್ರಕಾರ’ ಎಂದು ಒಂದು ಸಾಲು ಬರೆದಿದ್ದರೆ ಎಷ್ಟೋ ಮನಸ್ತಾಪಗಳು ಹುಟ್ಟುತ್ತಲೇ ಇರಲಿಲ್ಲ.

ಮೋಲ್ಡಿನ ಲೆಕ್ಕ ಇನ್ನೂ ನೇರ. ಒಂಬತ್ತು ಚದರದ ಛಾವಣಿ, ಐದಿಂಚು ದಪ್ಪ. 375 ಘನ ಅಡಿ, ಎಂದರೆ 10.6 ಘನ ಮೀಟರ್ ಕಾಂಕ್ರೀಟು. ಒಂದು–ಒಂದೂವರೆ–ಮೂರರ ಎಂ20 ಮಿಶ್ರಣಕ್ಕೆ ಘನ ಮೀಟರಿಗೆ ಎಂಟು ಚೀಲದಂತೆ 85 ಚೀಲ ಸಿಮೆಂಟ್. ತೊಲೆಗಳದ್ದು ಬೇರೆ. ಸೆಂಟ್ರಿಂಗ್ ಹಲಗೆ ಅರ್ಧ ಇಂಚು ಕುಸಿದು ಕೂತಿದ್ದರೆ ಇನ್ನೊಂದು ಘನ ಮೀಟರ್, ಎಂಟೂವರೆ ಚೀಲ ಹೆಚ್ಚು. ಕಂಬಿಯ ತೂಕಕ್ಕೆ ಪ್ರತಿ ಬಾರ್ ಬೆಂಡರ್‌ಗೂ ಬಾಯಿಪಾಠವಾಗಿರುವ ಸೂತ್ರವಿದೆ: ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರ್ ಉದ್ದದ ತೂಕ ಕಿಲೋದಲ್ಲಿ ಸಿಗುತ್ತದೆ. ಎಂಟರ ಕಂಬಿಗೆ 0.395, ಹನ್ನೆರಡರದ್ದಕ್ಕೆ 0.889. ಸ್ಟ್ರಕ್ಚರಲ್ ಇಂಜಿನಿಯರ್ ಕೊಟ್ಟ ನಕ್ಷೆ ಕೈಯಲ್ಲಿದ್ದರೆ ಇಡೀ ಮನೆಯ ಉಕ್ಕನ್ನು ಒಂದು ಸಂಜೆಯಲ್ಲಿ ಎಣಿಸಬಹುದು. ‘ಚದರಡಿಗೆ ನಾಲ್ಕು ಕಿಲೋ ಹಿಡೀರಿ’ ಎಂಬ ರೂಢಿಯ ಮಾತು ಆ ಸಂಜೆಯ ಕೆಲಸವನ್ನು ತಪ್ಪಿಸಲು ಹುಟ್ಟಿಕೊಂಡದ್ದು.

ಮಣ್ಣಿನ ಮುಂದೆ ಮಾತ್ರ ಸೂತ್ರಗಳ ಆಟ ನಡೆಯುವುದಿಲ್ಲ. ಬೆಂಗಳೂರು, ಕೋಲಾರದ ಗಟ್ಟಿ ಕೆಂಪು ನೆಲದಲ್ಲಿ ನಾಲ್ಕೈದು ಅಡಿಗೆ ನಿಲ್ಲುವ ಪಾಯ, ಹುಬ್ಬಳ್ಳಿ–ಗದಗ ಕಡೆಯ ಎರೆಮಣ್ಣಿನಲ್ಲಿ ನಿಲ್ಲುವುದಿಲ್ಲ. ಎರೆ ಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಅಲ್ಲಿ ಮಣ್ಣು ತೆಗೆದು ಮುರಂ ತುಂಬಬೇಕು, ಇಲ್ಲವೇ ಅದು ಅಲುಗದ ಆಳಕ್ಕೆ ಕಂಬ ಇಳಿಸಬೇಕು. ಬೆಂಗಳೂರಿನಲ್ಲೇ ಹಳೆಯ ಕೆರೆಯಂಗಳದ ಮೇಲೆದ್ದ ಬಡಾವಣೆಗಳಲ್ಲಿ ಅಕ್ಕಪಕ್ಕದ ಎರಡು ಸೈಟುಗಳಿಗೇ ಬೇರೆ ಬೇರೆ ಆಳ ಬೇಕಾಗುತ್ತದೆ. ಸೈಟಿನ ಎರಡು ಮೂಲೆಯಲ್ಲಿ ಗುಂಡಿ ತೋಡಿಸಿ ನೋಡಲು ಒಂದು ದಿನ ಸಾಕು. ಆ ಒಂದು ದಿನ ಖರ್ಚು ಮಾಡದೆ ಪಾಯದ ದರ ಹೇಳುವವರನ್ನು ನಾನು ನಂಬುವುದಿಲ್ಲ, ಅವರು ಎಷ್ಟೇ ಅನುಭವಿಗಳಾಗಿರಲಿ.

ಸಾಮಾನಿನ ಲೆಕ್ಕಕ್ಕಿಂತ ಕಷ್ಟದ್ದು ದಿನಗಳ ಲೆಕ್ಕ. ಎಸ್ಟಿಮೇಟಿನಲ್ಲಿ ಸಿಮೆಂಟಿಗೆ ಒಂದು ಸಾಲು, ಕಂಬಿಗೆ ಒಂದು ಸಾಲು ಇರುತ್ತದೆ. ಕಾಯುವುದಕ್ಕೆ ಸಾಲು ಇರುವುದಿಲ್ಲ. ಮನೆ ಕಟ್ಟುವ ಕೆಲಸದಲ್ಲಿ ದೊಡ್ಡ ಪಾಲು ಕಾಯುವುದೇ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ನಾಲ್ಕೂವರೆ ಮೀಟರ್ ಒಳಗಿನ ಛಾವಣಿಯ ಜಾಕಿಗಳನ್ನು ಏಳು ದಿನ, ಅದಕ್ಕಿಂತ ಅಗಲವಿದ್ದರೆ ಹದಿನಾಲ್ಕು ದಿನ ತೆಗೆಯುವಂತಿಲ್ಲ. ಆರು ಮೀಟರ್ ಒಳಗಿನ ತೊಲೆಗಳಿಗೆ ಹದಿನಾಲ್ಕು, ಮೀರಿದರೆ ಇಪ್ಪತ್ತೊಂದು. ಇದು ಸಾಮಾನ್ಯ ಪೋರ್ಟ್‌ಲೆಂಡ್ ಸಿಮೆಂಟಿಗೆ ಹೇಳಿದ್ದು. ಈಗ ಮನೆಗಳಿಗೆ ಹೆಚ್ಚಾಗಿ ಬರುವ ಪಿಪಿಸಿ (ಪೋರ್ಟ್‌ಲೆಂಡ್ ಪೊಜೊಲಾನಾ ಸಿಮೆಂಟ್) ನಿಧಾನವಾಗಿ ಬಲಗೊಳ್ಳುವುದರಿಂದ ಇನ್ನಷ್ಟು ದಿನ ಕೊಡುವುದು ಒಳ್ಳೆಯದು. ಅಷ್ಟು ದಿನ ಜಾಕಿ, ಹಲಗೆಗಳ ಬಾಡಿಗೆ ಓಡುತ್ತಿರುತ್ತದೆ. ಆ ಹಲಗೆಗಳಿಗಾಗಿ ಇನ್ನೊಂದು ಸೈಟಿನಲ್ಲಿ ಇನ್ನೊಬ್ಬ ಮಾಲೀಕ ಕಾಯುತ್ತಿರುತ್ತಾನೆ. ಆ ಒತ್ತಡಕ್ಕೆ ಮಣಿದು ಹತ್ತನೇ ದಿನಕ್ಕೇ ಜಾಕಿ ಬಿಚ್ಚಿದರೆ ಅದರ ಬೆಲೆಯನ್ನು ತೊಲೆ ತೆರುತ್ತದೆ.

ಜನರ ಲೆಕ್ಕವೂ ಹೀಗೆಯೇ. ಒಬ್ಬ ಗಾರೆಯವನು ಜೊತೆಗೆ ಆಳಿದ್ದರೆ ದಿನಕ್ಕೆ 80ರಿಂದ 100 ಚದರಡಿ ಪ್ಲಾಸ್ಟರ್ ಮಾಡುತ್ತಾನೆ. 6,000 ಚದರಡಿಗೆ ಹೆಚ್ಚುಕಡಿಮೆ 67 ಆಳುದಿನ. ನಾಲ್ವರಿದ್ದರೆ 17 ದಿನ. ಹಾಗಾದರೆ ಹದಿನಾರು ಜನ ಹಾಕಿ ನಾಲ್ಕು ದಿನದಲ್ಲಿ ಮುಗಿಸಬಹುದಲ್ಲ ಎಂದು ಅವಸರದ ಮಾಲೀಕರು ಕೇಳುತ್ತಾರೆ. ಕಟ್ಟಿಗೆಯ ಅಟ್ಟಣಿಗೆ ಇರುವುದು ಎರಡೇ ಗೋಡೆಗೆ ಸಾಕಾಗುವಷ್ಟು, ಗಾರೆ ಕಲಸುವ ಜಾಗ ಒಂದೇ, ವಿದ್ಯುತ್ ಪೈಪಿಗಾಗಿ ಗೋಡೆ ಕೊರೆಯುವ ಹುಡುಗ ಇನ್ನೂ ಎರಡು ಕೋಣೆ ಮುಗಿಸಿಲ್ಲ. ಐಬಿಎಂನಲ್ಲಿ ಓಎಸ್/360 ತಂತ್ರಾಂಶದ ಕೆಲಸ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಇದನ್ನೇ ಬರೆದರು: ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ. ಬೆಂಗಳೂರಿನಲ್ಲಿ ಮನೆ ಕಟ್ಟಿಸುವವರಲ್ಲಿ ಅನೇಕರು ಕಚೇರಿಯಲ್ಲಿ ಇದೇ ಮಾತನ್ನು ತಮ್ಮ ಮ್ಯಾನೇಜರ್‌ಗೆ ಹೇಳಿದವರು. ಸೈಟಿಗೆ ಬಂದಾಗಲೂ ಅದನ್ನು ನೆನಪಿಟ್ಟುಕೊಂಡರೆ ಮೇಸ್ತ್ರಿಯ ಮೇಲೆ ಕೂಗಾಡುವುದು ಅರ್ಧಕ್ಕರ್ಧ ತಪ್ಪುತ್ತದೆ.

ಕ್ಯಾಲೆಂಡರು ನೋಡದೆ ದಿನ ಬರೆಯುವುದು ನಮ್ಮಲ್ಲಿನ ಇನ್ನೊಂದು ರೋಗ. ಕರಾವಳಿ, ಮಲೆನಾಡಿನವರು ಈ ವಿಷಯದಲ್ಲಿ ಜಾಣರು. ದೀಪಾವಳಿ ಕಳೆದ ಮೇಲೆ ಪಾಯ, ಮೇ ಒಳಗೆ ಛಾವಣಿ, ಮಳೆಗಾಲದಲ್ಲಿ ಒಳಗಿನ ಕೆಲಸ ಎಂದು ಮೊದಲೇ ಹಂಚಿಕೊಂಡಿರುತ್ತಾರೆ. ಜೂನ್ ದಾಟಿದರೆ ಮಳೆ ಮುಗಿದ ಹಾಗೆ ಎಂದು ಬೆಂಗಳೂರಿನವರು ತಿಳಿಯುತ್ತಾರೆ, ಆದರೆ ಆ ಊರಿಗೆ ಅತಿ ಹೆಚ್ಚು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಇದರ ಮೇಲೆ ಆಳುಗಳ ಊರಿನ ದಾರಿ. ರಾಯಚೂರು, ಯಾದಗಿರಿ ಕಡೆಯಿಂದ ಬಂದ ಕುಟುಂಬಗಳು ಬಿತ್ತನೆಗೂ ಜಾತ್ರೆಗೂ ಊರಿಗೆ ಹೋಗುತ್ತವೆ, ಬಿಹಾರ, ಬಂಗಾಳದ ಹುಡುಗರು ತಮ್ಮ ಹಬ್ಬಗಳಿಗೆ ಹೋಗುತ್ತಾರೆ. ಅದು ಅವರ ಹಕ್ಕು. ಬರುವ ವರ್ಷದ ಹಬ್ಬಗಳ ದಿನಾಂಕ ಇಂದೇ ಪಂಚಾಂಗದಲ್ಲಿ ಸಿಗುವಾಗ ‘ಇದ್ದಕ್ಕಿದ್ದಂತೆ ಆಳು ಹೋಗಿಬಿಟ್ಟರು’ ಎನ್ನುವುದರಲ್ಲಿ ಅರ್ಥವಿಲ್ಲ.

ಪಂಚಾಂಗವೆಂದ ಮೇಲೆ ಗೃಹಪ್ರವೇಶದ ಮಾತೂ ಬಂತು. ಆಷಾಢದಲ್ಲಿ ಆಗದು, ಧನುರ್ಮಾಸದಲ್ಲಿ ಆಗದು. ಹಾಗಾಗಿ ಜ್ಯೇಷ್ಠದ ಕೊನೆಗೆ ಸಿಕ್ಕ ಮುಹೂರ್ತಕ್ಕೆ ಇಡೀ ಕೆಲಸವನ್ನು ಹಿಂದಿನಿಂದ ಮುಂದಕ್ಕೆ ಎಳೆಯುತ್ತಾರೆ. ಪತ್ರಿಕೆ ಅಚ್ಚಾಗಿರುತ್ತದೆ, ಹಸಿ ಗೋಡೆಗೆ ಪುಟ್ಟಿ ಬಳಿಯುತ್ತಾರೆ, ಒಂದೇ ವರ್ಷದಲ್ಲಿ ಬಣ್ಣ ಎದ್ದು ಬರುತ್ತದೆ. ಮುಹೂರ್ತದ ಮೇಲೆ ನನಗೆ ತಕರಾರಿಲ್ಲ. ಮನೆಯ ದಿನಗಳನ್ನು ಮೊದಲು ಎಣಿಸಿ, ಆಮೇಲೆ ಪುರೋಹಿತರ ಬಳಿ ಹೋಗುವುದು ಒಳ್ಳೆಯದು ಎಂದಷ್ಟೇ ಹೇಳುತ್ತೇನೆ.

ದಿನ ಎಣಿಸಲು ಒಂದು ಹಳೆಯ, ಸರಳ ಉಪಾಯವಿದೆ. ಅಮೆರಿಕದ ನೌಕಾದಳ 1958ರಲ್ಲಿ ಪೊಲಾರಿಸ್ ಕ್ಷಿಪಣಿಯ ಕೆಲಸಕ್ಕೆ ರೂಪಿಸಿದ ಪರ್ಟ್ ವಿಧಾನದಿಂದ ಬಂದದ್ದು. ಪ್ರತಿ ಕೆಲಸಕ್ಕೂ ಮೂರು ಅಂಕಿ ಕೇಳಬೇಕು: ಎಲ್ಲ ಸರಿಹೋದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು. ಪಾಯ ತೋಡಿದಂದಿನಿಂದ ಪ್ಲಿಂತ್ ಮಟ್ಟಕ್ಕೆ ಬರಲು 20, 26, 50 ದಿನ ಎಂದು ಮೇಸ್ತ್ರಿ ಹೇಳಿದನೆನ್ನಿ. ನಡುವಿನದ್ದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿದರೆ 29. ಇಲ್ಲಿ ಉತ್ತರಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಆ ಮೂರನೆಯ ಅಂಕಿ. ‘ಐವತ್ತು ದಿನ ಯಾಕಾಗುತ್ತೆ?’ ಎಂದು ಕೇಳಿದ ತಕ್ಷಣ ಬಂಡೆ ಸಿಕ್ಕರೆ, ಜೆಸಿಬಿ ಸಿಗದಿದ್ದರೆ, ಪಕ್ಕದ ಮನೆಯ ಕಾಂಪೌಂಡ್ ಸಡಿಲವಾಗಿದ್ದರೆ ಎಂದು ಮೇಸ್ತ್ರಿಯ ಬಾಯಿಂದ ನಿಜ ಸಂಗತಿಗಳು ಹೊರಬರುತ್ತವೆ. ಒಂದೇ ಅಂಕಿ ಕೇಳಿದರೆ ಅವು ಬರುವುದಿಲ್ಲ.

ಮನುಷ್ಯರು ತಮ್ಮ ಕೆಲಸಕ್ಕೆ ಬೇಕಾದ ಸಮಯ ಮತ್ತು ಹಣವನ್ನು ಕಡಿಮೆ ಅಂದಾಜು ಮಾಡುವುದನ್ನು ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್‌ಕಿ 1979ರಲ್ಲೇ ಗುರುತಿಸಿದ್ದರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕೆಂದಿದ್ದರು, ಹಿಡಿದದ್ದು 55 ದಿನಕ್ಕೂ ಹೆಚ್ಚು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು ಕಾನೆಮನ್ ತಮ್ಮ 2011ರ ಪುಸ್ತಕದಲ್ಲಿ ಕೊಡುವ ಉದಾಹರಣೆ. ಅಡುಗೆಮನೆ ನವೀಕರಿಸಿದ ಅಮೆರಿಕದ ಮನೆ ಮಾಲೀಕರನ್ನು 2002ರ ಸಮೀಕ್ಷೆಯೊಂದು ಕೇಳಿತ್ತು. ಅವರು ಸರಾಸರಿ 18,658 ಡಾಲರ್ ಖರ್ಚು ಅಂದುಕೊಂಡಿದ್ದರು, ಕೊನೆಗೆ ಕೊಟ್ಟದ್ದು 38,769 ಡಾಲರ್. ಎರಡು ಪಟ್ಟಿಗೂ ಹೆಚ್ಚು. ಕೆಲಸ ಶುರುವಾದ ಮೇಲೆ ‘ಇದೂ ಇರಲಿ, ಅದೂ ಇರಲಿ’ ಎನ್ನುವುದು ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಗ್ರಾನೈಟ್ ಅಂಗಡಿಯಲ್ಲಿ ಒಂದು ಗಂಟೆ ಕಳೆದು ಬಂದ ಕುಟುಂಬದ ಮನಸ್ಸು ವಿಟ್ರಿಫೈಡ್ ಟೈಲ್ಸಿಗೆ ಮರಳುವುದು ಕಷ್ಟ.

ಸರ್ಕಾರಗಳೂ ಇದಕ್ಕೆ ಹೊರತಲ್ಲ. ನಮ್ಮ ಮೆಟ್ರೊ ಮೊದಲ ಹಂತಕ್ಕೆ 2006ರಲ್ಲಿ ಒಪ್ಪಿಗೆ ಸಿಕ್ಕಾಗ 33 ಕಿ.ಮೀ. ಮಾರ್ಗಕ್ಕೆ 6,395 ಕೋಟಿ ರೂಪಾಯಿ ಅಂದಾಜಿತ್ತು. 2017ರ ಜೂನ್‌ನಲ್ಲಿ ಪೂರ್ತಿ ತೆರೆದಾಗ ಮಾರ್ಗ 42.3 ಕಿ.ಮೀ., ವೆಚ್ಚ 13,845 ಕೋಟಿ. ಉದ್ದ ಹೆಚ್ಚಿದ್ದು ಒಂದಂಶ ಮಾತ್ರ. ಕಿಲೋಮೀಟರಿಗೆ 194 ಕೋಟಿಯಿದ್ದದ್ದು 327 ಕೋಟಿಯಾಯಿತು. ಮನೆಯಲ್ಲಿಯೂ ಖರ್ಚು ಏರಿದಾಗ ಇದನ್ನು ಬಿಡಿಸಿ ನೋಡಬೇಕು: ಕೆಲಸ ಎಷ್ಟು ಬೆಳೆಯಿತು, ದರ ಎಷ್ಟು ಏರಿತು. ಎರಡನ್ನೂ ಬೆರೆಸಿಬಿಟ್ಟರೆ ಮಾಲೀಕ ಕಾಂಟ್ರಾಕ್ಟರನ್ನು ಕಳ್ಳನೆನ್ನುತ್ತಾನೆ, ಕಾಂಟ್ರಾಕ್ಟರ್ ಮಾಲೀಕನನ್ನು ಚಂಚಲನೆನ್ನುತ್ತಾನೆ.

ಕಾಂಟ್ರಾಕ್ಟರ್‌ನ ಕಡೆಯಿಂದ ಈ ಲೆಕ್ಕವನ್ನು ನೋಡುವವರು ಕಡಿಮೆ. ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ದರ ವಿಶ್ಲೇಷಣೆಯಲ್ಲಿ ಸಾಮಾನು ಮತ್ತು ಕೂಲಿಯ ಮೇಲೆ ಗುತ್ತಿಗೆದಾರನ ಲಾಭ ಮತ್ತು ಮೇಲ್ವೆಚ್ಚಕ್ಕೆಂದು ಶೇ 15 ಸೇರಿಸುತ್ತದೆ. ಸಣ್ಣ ಊರಿನ ಕಾಂಟ್ರಾಕ್ಟರ್ ಇದನ್ನು ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಾನೆ, ಲಾಭವೆಂದರೆ ಮೋಸವೆಂದು ಜನ ಭಾವಿಸುತ್ತಾರೆಂಬ ಭಯ. ಹಾಗಾಗಿ ಅದನ್ನು ಎಲ್ಲೆಲ್ಲೋ ಅಡಗಿಸುತ್ತಾನೆ. 40 ಲಕ್ಷದ ಕೆಲಸದಲ್ಲಿ ಅವನಿಗೆ ಶೇ 10 ಉಳಿಯುವುದಾದರೆ 4 ಲಕ್ಷ. ಚೌಕಾಸಿ ಮಾಡಿ ನೀವು ಶೇ 5 ಇಳಿಸಿದರೆ ಹೋದದ್ದು 2 ಲಕ್ಷ, ಅವನ ಲಾಭದ ಅರ್ಧ. ಇನ್ನೊಂದು ಸುತ್ತಿನ ಚೌಕಾಸಿಗೆ ಲಾಭದಲ್ಲಿ ಜಾಗವಿಲ್ಲ. ಅದು ಕಂಬಿಯ ಅಂತರದಿಂದ, ನೀರು ಹಾಕುವ ದಿನಗಳಿಂದ, ಪೈಪಿನ ದರ್ಜೆಯಿಂದ ಬರುತ್ತದೆ. ಮನೆ ಸಿಕ್ಕಿದರೆ ಸಾಕೆಂದು ಕಡಿಮೆ ದರ ಒಪ್ಪಿಕೊಂಡು, ‘ಎಕ್ಸ್‌ಟ್ರಾ’ಗಳಲ್ಲಿ ಸರಿದೂಗಿಸಿಕೊಳ್ಳುವ ಕಾಂಟ್ರಾಕ್ಟರನ್ನು ತಯಾರು ಮಾಡಿದ್ದು ನಮ್ಮ ಈ ಚೌಕಾಸಿಯೇ.

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕೆನ್ನುವುದು ಶನಿವಾರದ ಬಟವಾಡೆಯ ವಿಷಯ. ಹನ್ನೆರಡು ಜನರ ತಂಡ, ಸರಾಸರಿ 900 ರೂಪಾಯಿ ಕೂಲಿ, ಆರು ದಿನ ಎಂದಿಟ್ಟುಕೊಳ್ಳಿ. ವಾರಕ್ಕೆ 64,800 ರೂಪಾಯಿ ನಗದು ಬೇಕು. ಬ್ಯಾಂಕು ಸಾಲವನ್ನು ಬಿಡುಗಡೆ ಮಾಡುವುದು ಹಂತ ಮುಗಿದ ಮೇಲೆ: ಪಾಯ, ಲಿಂಟಲ್, ಮೋಲ್ಡ್. ಅಧಿಕಾರಿ ಬಂದು ನೋಡಿ, ವರದಿ ಬರೆದು, ಹಣ ಬರುವಷ್ಟರಲ್ಲಿ ಎರಡು ಮೂರು ಬಟವಾಡೆಗಳು ದಾಟಿರುತ್ತವೆ. ಆ ತೆರಪನ್ನು ತುಂಬಲು ಕಾಂಟ್ರಾಕ್ಟರ್ ಇನ್ನೊಂದು ಮನೆಯನ್ನು ಒಪ್ಪಿಕೊಂಡು ಅದರ ಮುಂಗಡವನ್ನು ಇಲ್ಲಿ ಹಾಕುತ್ತಾನೆ. ಆ ಮನೆಗೆ ಮೂರನೆಯದರ ಮುಂಗಡ. ಒಂದು ಕಡೆ ಹಣ ನಿಂತರೆ ಮೂರೂ ಸೈಟುಗಳಲ್ಲಿ ಕೆಲಸ ನಿಲ್ಲುತ್ತದೆ. ‘ಫೋನ್ ಎತ್ತುತ್ತಿಲ್ಲ’ ಎಂಬ ದೂರಿನ ಹಿಂದೆ ಬಹುಪಾಲು ಇರುವುದು ಈ ಸರಪಳಿ. ಎಸ್ಟಿಮೇಟ್ ಎಂದರೆ ಒಟ್ಟು ಎಷ್ಟು ಎಂಬುದರ ಜೊತೆಗೆ ಯಾವ ವಾರ ಎಷ್ಟು ಎಂಬುದೂ ಹೌದು. ಹಂತಗಳನ್ನು ಚಿಕ್ಕದು ಮಾಡಿ, ಏಳೆಂಟು ಕಂತಿನ ಬದಲು ಹದಿನೈದು ಕಂತಾಗಿ ಒಡೆದರೆ ಇಬ್ಬರಿಗೂ ಅಪಾಯ ಕಡಿಮೆ. ಮಾಲೀಕ ಕೆಲಸಕ್ಕಿಂತ ಮುಂದೆ ಹಣ ಕೊಟ್ಟಿರುವುದಿಲ್ಲ, ಕಾಂಟ್ರಾಕ್ಟರ್ ಹಣಕ್ಕಿಂತ ಮುಂದೆ ಕೆಲಸ ಮಾಡಿರುವುದಿಲ್ಲ.

ಬೆಲೆಗಳ ಏರಿಳಿತ ಯಾರ ಹೊಣೆ ಎಂಬುದನ್ನೂ ಬರೆದಿಡಬೇಕು. 2021–22ರಲ್ಲಿ ಉಕ್ಕಿನ ಬೆಲೆ ಎಷ್ಟು ಏರಿತೆಂದರೆ 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಉಕ್ಕಿನ ರಫ್ತಿಗೆ ಸುಂಕ ಹಾಕಬೇಕಾಯಿತು, ನವೆಂಬರಿನಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಆ ನಡುವೆ ಒಂದೇ ದರಕ್ಕೆ ಒಪ್ಪಿದ್ದ ಕಾಂಟ್ರಾಕ್ಟರ್‌ಗಳು ಪೆಟ್ಟು ತಿಂದರು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಾಗ ಲಾಭ ಯಾರಿಗೆ ಸೇರಬೇಕೆಂಬ ಪ್ರಶ್ನೆಗೂ ಕರಾರಿನಲ್ಲೇ ಉತ್ತರ ಇರಬೇಕು. ‘ಸಿಮೆಂಟ್ ಚೀಲಕ್ಕೆ ಇಷ್ಟು, ಕಂಬಿ ಟನ್ನಿಗೆ ಇಷ್ಟು ಎಂಬ ಮೂಲದರ. ಶೇ 5 ಮೀರಿ ಏರಿದರೂ ಇಳಿದರೂ ವ್ಯತ್ಯಾಸ ಮಾಲೀಕರದ್ದು’ ಎಂಬ ಎರಡು ವಾಕ್ಯ ಸಾಕು. ಸಾಮಾನು ಸಮೇತದ ಗುತ್ತಿಗೆಗೆ ಜಿಎಸ್‌ಟಿ ಶೇ 18. ದರದಲ್ಲಿ ಅದು ಸೇರಿದೆಯೋ ಇಲ್ಲವೋ ಎಂದು ಮೊದಲೇ ಕೇಳಿ. 40 ಲಕ್ಷಕ್ಕೆ 7 ಲಕ್ಷ 20 ಸಾವಿರ ಸಣ್ಣ ಮೊತ್ತವಲ್ಲ.

ರೇರಾ ಇದೆಯಲ್ಲ ಎಂದು ಕೆಲವರು ಧೈರ್ಯ ತಂದುಕೊಳ್ಳುತ್ತಾರೆ. ಆ 2016ರ ಕಾಯ್ದೆ ಮಾರಾಟಕ್ಕೆಂದು ಕಟ್ಟುವ ಯೋಜನೆಗಳಿಗೆ ಸಂಬಂಧಿಸಿದ್ದು. ನಿಮ್ಮ ಸೈಟಿನಲ್ಲಿ ನಿಮಗಾಗಿ ಕಟ್ಟುವ ಮನೆಗೆ ಅದು ಬರುವುದಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ‘ಸೇವೆ’ಯೇ, ಗ್ರಾಹಕರ ಆಯೋಗಕ್ಕೆ ಹೋಗಬಹುದು. ಆದರೆ ಅಲ್ಲಿಯೂ ಮೊದಲು ಕೇಳುವುದು ಏನು ಬರೆದುಕೊಂಡಿದ್ದಿರಿ ಎಂದು. ‘ಒಳ್ಳೆ ಕ್ವಾಲಿಟಿ ಟೈಲ್ಸ್’ ಎಂದು ಬರೆದಿದ್ದರೆ ಯಾವ ನ್ಯಾಯಾಧೀಶರೂ ಏನೂ ಮಾಡಲಾರರು. ಚದರಡಿಗೆ ಇಂತಿಷ್ಟು ರೂಪಾಯಿಯ ಟೈಲ್ಸ್ ಎಂದು ಬರೆದಿದ್ದರೆ, ಅದಕ್ಕಿಂತ ಮೇಲಿನದ್ದನ್ನು ಆರಿಸಿದಾಗ ವ್ಯತ್ಯಾಸ ಕೊಡುವುದಕ್ಕೂ ಕೇಳುವುದಕ್ಕೂ ಇಬ್ಬರಿಗೂ ಮುಜುಗರವಿರುವುದಿಲ್ಲ.

ಇಷ್ಟೆಲ್ಲ ಎಣಿಸಿ ಬರೆಯುವುದು ಬಿಟ್ಟಿ ಕೆಲಸವಲ್ಲ. ಎರಡಂತಸ್ತಿನ ಮನೆಯ ಪರಿಮಾಣ ಪಟ್ಟಿ ಮಾಡಲು ತಿಳಿದ ಇಂಜಿನಿಯರ್‌ಗೂ ಹಲವು ದಿನ ಬೇಕು. ನಾಲ್ವರು ಕಾಂಟ್ರಾಕ್ಟರ್‌ಗಳನ್ನು ‘ಕೊಟೇಶನ್ ಕೊಡಿ’ ಎಂದು ಬಿಟ್ಟಿಯಾಗಿ ಕೇಳಿದರೆ ಸಿಗುವುದು ನಾಲ್ಕು ಬಗೆಯ ಚದರದ ದರ. ಅವುಗಳಲ್ಲಿ ಯಾವುದನ್ನೂ ಇನ್ನೊಂದರ ಜೊತೆ ಹೋಲಿಸಲು ಬರುವುದಿಲ್ಲ, ಒಬ್ಬರು ಸಂಪು ಸೇರಿಸಿರುತ್ತಾರೆ, ಇನ್ನೊಬ್ಬರು ಬಿಟ್ಟಿರುತ್ತಾರೆ. ಅದರ ಬದಲು ಶುಲ್ಕ ಕೊಟ್ಟು ಒಂದು ಪರಿಮಾಣ ಪಟ್ಟಿ ಮಾಡಿಸಿ, ಅದೇ ಪಟ್ಟಿಯನ್ನು ನಾಲ್ವರಿಗೂ ಕೊಟ್ಟು ದರ ತುಂಬಿಸಿ ಕೇಳಿದರೆ ಯಾರು ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬುದು ಸಾಲು ಸಾಲಾಗಿ ಕಾಣುತ್ತದೆ. ಕಂಬಿ ಕಟ್ಟುವ ಸಾಲಿನಲ್ಲಿ ಒಬ್ಬ ಮಾತ್ರ ತೀರಾ ಕಡಿಮೆ ಬರೆದಿದ್ದರೆ ಅವನನ್ನು ಕೂರಿಸಿ ಕೇಳಬೇಕು. ಬಹುಶಃ ಅವನಿಗೆ ನಕ್ಷೆ ಅರ್ಥವಾಗಿಲ್ಲ.

ಕಾಂಟ್ರಾಕ್ಟರ್‌ಗಳಿಗೂ ಒಂದು ಮಾತಿದೆ. ಮನೆ ಮುಗಿದು ಬೀಗ ಕೊಟ್ಟ ಮೇಲೆ ಹಳೆಯ ಎಸ್ಟಿಮೇಟನ್ನು ತೆಗೆದು ನೋಡುವವರು ಅಪರೂಪ. ಎಷ್ಟು ಚೀಲ ಎಂದು ಬರೆದಿದ್ದೆವು, ಎಷ್ಟು ಹೋಯಿತು, ಪಾಯದಿಂದ ಮೋಲ್ಡಿಗೆ ನಿಜವಾಗಿ ಎಷ್ಟು ದಿನ ಹಿಡಿಯಿತು ಎಂಬುದು ಡೈರಿಯಲ್ಲೋ ವಾಟ್ಸ್‌ಆ್ಯಪ್ಪಿನಲ್ಲೋ ಚದುರಿಹೋಗಿರುತ್ತದೆ. ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಮನೆಗೆ ಎರಡು ಪುಟದಂತೆ ಇದನ್ನು ಬರೆದಿಟ್ಟರೆ ಸಾಕು. ಅದರಲ್ಲಿ ಆಳು ಬಾರದ ದಿನಗಳಿಗೆ ಪ್ರತ್ಯೇಕ ಕಾಲಂ ಇರಲಿ, ಎದುರಿಗೆ ಕಾರಣವೂ ಇರಲಿ: ಮಳೆ, ಹಬ್ಬ, ಜಲ್ಲಿ ಬರಲಿಲ್ಲ, ಹಣ ಬರಲಿಲ್ಲ, ಮಾಲೀಕರು ಟೈಲ್ಸ್ ಆರಿಸಲಿಲ್ಲ. ಮುಂದಿನ ಮನೆಗೆ ಎಷ್ಟು ತಿಂಗಳು ಎಂದು ಬರೆಯಲು ಕೂತಾಗ ಮೊದಲು ತೆರೆಯಬೇಕಾದದ್ದು ಆ ಕಾಲಂ.